ಆರಿದ್ರಾ ಮಳೆಗೆ ಸಿಕ್ಕ ಇಪ್ಪತ್ತು ಕೆಜಿ ಸಮುದ್ರದ ಉಪ್ಪು

ಫೆಬ್ರವರಿಯಲ್ಲಿ ತಂದ 20 ಕೆಜಿ ಮರೈನ್ ಸಾಲ್ಟ್ ಚೀಲದ ಬಗ್ಗೆ, ಅಂದರೆ ಮೀನಿನ ತೊಟ್ಟಿಗೆ ಸಮುದ್ರದ ನೀರು ತಯಾರಿಸುವ ಉಪ್ಪಿನ ಬಗ್ಗೆ, ಈಗ ಬರೆಯುತ್ತಿದ್ದೇನೆ. ತಂದ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಮಳೆಗಾಲ ಮುಗಿಯುತ್ತಾ ಬಂದಿದೆ, ಈಗ ಕೇಳಿದರೆ ಉಪ್ಪಿಗೆ ನಾಲ್ಕು, ಚೀಲಕ್ಕೆ ಒಂದು. ಕಂಪನಿ ಹೆಸರು ಬರೆಯುವುದಿಲ್ಲ. ಚೀಲದಲ್ಲಿ ಬರುವ ಯಾವ ಮರೈನ್ ಸಾಲ್ಟ್ ಆದರೂ ನಮ್ಮ ಕಡೆ ಜೂನ್ ತಿಂಗಳಲ್ಲಿ ಹೀಗೇ ಆಗುತ್ತದೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಮೆಷಿನ್ ಪಕ್ಕದಲ್ಲಿ 120 ಲೀಟರಿನ ಉಪ್ಪುನೀರಿನ ತೊಟ್ಟಿ ಇದೆ. ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸಿಗಡಿ, ಕಲ್ಲಿನ ಮೇಲೆ ಗುಂಡಿ ಹೊಲಿದ ಹಾಗೆ ಸಾಲಾಗಿ ಅರಳುವ ಜೊವಾಂತಿಡ್ ಹವಳ. ಬ್ಲೌಸ್ ಕೊಡಲು ಬಂದವರು ಅಳತೆ ಮರೆತು ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜೂನ್ ಬಂತೆಂದರೆ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಬರುತ್ತದೆ. ಅಂಥ ಮನೆಯಲ್ಲಿ ಇದನ್ನು ಇಟ್ಟುಕೊಂಡವರ ಅನುಭವ ಎಲ್ಲೂ ಓದಲು ಸಿಗಲಿಲ್ಲ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಸಿಹಿನೀರಿನ ಮೀನಿಗೆ ಹಾಕುವ ‘ಅಕ್ವೇರಿಯಂ ಸಾಲ್ಟ್’ ಬೇರೆ. ಅದು ಬರೀ ಸೋಡಿಯಂ ಕ್ಲೋರೈಡ್. ಅದು ಗಂಟು ಕಟ್ಟಿದರೆ ಕುಟ್ಟಿ ಬಳಸಬಹುದು, ಹೆದರುವಂಥದ್ದು ಏನೂ ಇಲ್ಲ. ನಾನು ಹೇಳುತ್ತಿರುವುದು ಸಮುದ್ರದ ನೀರನ್ನೇ ತಯಾರಿಸುವ ಮಿಶ್ರಣದ ಬಗ್ಗೆ. ಅದರಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲ ಒಟ್ಟಿಗೆ ಇರುತ್ತವೆ.

ಹೊಸದರಲ್ಲಿ ಉಪ್ಪು ತುಂಬಾ ಚೆನ್ನಾಗಿತ್ತು. ಸಕ್ಕರೆ ಥರ ಬೆರಳ ಸಂದಿಯಲ್ಲಿ ಜಾರುತ್ತಿತ್ತು. ಲೀಟರಿಗೆ 38 ಗ್ರಾಂ ಲೆಕ್ಕದಲ್ಲಿ 12 ಲೀಟರ್ ಆರ್.ಓ. ನೀರಿಗೆ 456 ಗ್ರಾಂ ಹಾಕಿದೆ. ಪಂಪ್ ಬಿಟ್ಟ ಎರಡು ಗಂಟೆಗೆ ನೀರು ತಿಳಿಯಾಯಿತು. ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ಅಳೆಯುವ ರಿಫ್ರಾಕ್ಟೋಮೀಟರ್ 1.026 ತೋರಿಸಿತು. ಕ್ಯಾಲ್ಸಿಯಂ 420 ಪಿಪಿಎಂ, ಆಲ್ಕಲಿನಿಟಿ (ನೀರಿನಲ್ಲಿ ಬೈಕಾರ್ಬೊನೇಟ್ ಎಷ್ಟಿದೆ ಅನ್ನುವ ಅಳತೆ, ಅದರ ಮಾಪನ ಡಿಕೆಎಚ್) 8.4 ಡಿಕೆಎಚ್, ಮೆಗ್ನೀಷಿಯಂ 1290. ಸಮುದ್ರದ ನೀರಿಗೆ ಹತ್ತಿರದ ಲೆಕ್ಕ ಇದು. ಹವಳ ಚೆನ್ನಾಗಿ ಅರಳಿತು. ಉಪ್ಪಿನ ಬಗ್ಗೆ ನನಗೆ ಇವತ್ತಿಗೂ ತಕರಾರಿಲ್ಲ.

ತಕರಾರು ಇರುವುದು ಲೆಕ್ಕದಲ್ಲಿ. ವಾರಕ್ಕೆ 12 ಲೀಟರ್ ನೀರು ಬದಲಿಸಿದರೆ 20 ಕೆಜಿ ಚೀಲ ಹತ್ತಿರ ಹತ್ತಿರ 44 ವಾರ ಬರುತ್ತದೆ. ಅಂದರೆ ಯಾವ ತಿಂಗಳು ಬಾಯಿ ಬಿಚ್ಚಿದರೂ ಅದು ಮಳೆಗಾಲವನ್ನು ದಾಟಲೇಬೇಕು. ದೊಡ್ಡ ಚೀಲ ಕೆಜಿ ಲೆಕ್ಕದಲ್ಲಿ ಅಗ್ಗ ಅಂತ ತಂದೆ. ಇದು ಆಗ ಹೊಳೆಯಲಿಲ್ಲ. ಚೀಲ ಅಂದರೆ ಹೊರಗೆ ನೇಯ್ದ ಪ್ಲಾಸ್ಟಿಕ್, ಒಳಗೆ ಒಂದು ತೆಳು ಕವರ್, ಕವರಿನ ಬಾಯಿಗೆ ಒಂದು ತಂತಿ. ಅಷ್ಟೇ. ತಂತಿ ಎಷ್ಟು ಬಿಗಿದರೂ ನೆರಿಗೆಗಳ ನಡುವೆ ಗಾಳಿಗೆ ದಾರಿ ಇರುತ್ತದೆ. ಹೊಲಿಯುವವಳಿಗೆ ನೆರಿಗೆ ಅಂದರೆ ಏನು ಅಂತ ಗೊತ್ತು.

ಆರಿದ್ರಾ ಮಳೆ ಹಿಡಿದು ಹತ್ತು ದಿನ ಆಗಿತ್ತು. ವಾರದ ನೀರು ಮಾಡಲು ಕೈ ಹಾಕಿದರೆ ಮೇಲಿನ ಒಂದೆರಡು ಕೆಜಿ ಮಾತ್ರ ಸಡಿಲವಾಗಿತ್ತು. ಅದರ ಕೆಳಗೆ ಗಂಟುಗಳು. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಒಡೆಯುತ್ತಿದ್ದವು, ಒಡೆದಾಗ ಒಳಗೆ ತಣ್ಣಗೆ. ಇನ್ನೂ ಕೆಳಗೆ ಹೋದರೆ ಕಲ್ಲು. ಬೆಲ್ಲದ ಅಚ್ಚಿನ ಹಾಗೆ ಚೀಲದ ಮೂಲೆಯ ಆಕಾರಕ್ಕೇ ಕೂತುಬಿಟ್ಟಿತ್ತು. ಚೀಲ ಎತ್ತಿದಾಗ ಕೆಳಗಿನ ಸಿಮೆಂಟ್ ನೆಲ ತಟ್ಟೆಯಷ್ಟಗಲ ಒದ್ದೆ. ಬೆರಳಿನಲ್ಲಿ ಮುಟ್ಟಿದೆ. ನೀರಿನ ಹಾಗೆ ಇರಲಿಲ್ಲ, ಎಣ್ಣೆಯ ಹಾಗೆ ಜಾರುತ್ತಿತ್ತು. ಒರೆಸಿದರೂ ಎರಡು ದಿನ ಆ ಜಾಗ ಒಣಗಲೇ ಇಲ್ಲ.

ಆ ಜಾರುವ ನೀರೇ ಇಲ್ಲಿನ ಮುಖ್ಯ ವಿಷಯ. ಶುದ್ಧ ಅಡುಗೆ ಉಪ್ಪು ಗಾಳಿಯ ತೇವ ಶೇಕಡಾ 75 ದಾಟಿದರೆ ಮಾತ್ರ ನೀರಾಗಲು ಶುರು ಮಾಡುತ್ತದೆ. ಮೆಗ್ನೀಷಿಯಂ ಕ್ಲೋರೈಡ್ ಹಾಗಲ್ಲ, ಶೇಕಡಾ 33ರ ಸುತ್ತಮುತ್ತಲೇ ಗಾಳಿಯಿಂದ ನೀರು ಕುಡಿಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಹೆಚ್ಚುಕಡಿಮೆ ಹಾಗೇ. ನಮ್ಮಲ್ಲಿ ಮಳೆ ಹಿಡಿದ ಮೇಲೆ ತೇವ ಶೇಕಡಾ 90ರ ಮೇಲೆಯೇ ಇರುತ್ತದೆ. ಹಾಗಾಗಿ ಚೀಲದೊಳಗೆ ಮೊದಲು ಕರಗಿ ತಳಕ್ಕೆ ಇಳಿಯುವುದು ಈ ಎರಡು. ಕವರಿನಲ್ಲಿ ಒಂದು ತೂತು ಇದ್ದರೆ ಹೊರಗೂ ಹೋಗುತ್ತವೆ. ನೆಲದ ಮೇಲೆ ಹರಡಿದ್ದು ನನ್ನ ಹವಳಕ್ಕೆ ಬೇಕಾದ ಮೆಗ್ನೀಷಿಯಂ, ಕ್ಯಾಲ್ಸಿಯಂ ಅಂತ ತಿಳಿದಾಗ ನಿಜಕ್ಕೂ ಹೊಟ್ಟೆ ಉರಿಯಿತು.

ಅತ್ತೆ ಬಂದು ನೋಡಿದರು. ‘ಒಲೆ ಪಕ್ಕ ಇಡು, ಎರಡು ದಿನಕ್ಕೆ ಸರಿಹೋಗುತ್ತೆ’ ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಮನೆಯಲ್ಲಿ ಹಲಸಿನ ಮರದಲ್ಲಿ ಕೊರೆದ ಉಪ್ಪಿನ ಮರಿಗೆ ಇದೆ, ಇವತ್ತಿಗೂ ಒಲೆಯ ಪಕ್ಕದಲ್ಲೇ ಅದರ ಜಾಗ. ಹಿಂದೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯಿಂದ ಘಟ್ಟ ಹತ್ತಿ ಬರುತ್ತಿದ್ದ ಹರಳುಪ್ಪು ಮಳೆಗಾಲದಲ್ಲಿ ನೀರು ಬಿಡುತ್ತಿತ್ತು. ಮರ ಆ ನೀರು ಹೀರುತ್ತಿತ್ತು, ಒಲೆಯ ಕಾವು ಒಣಗಿಸುತ್ತಿತ್ತು. ಹರಳುಪ್ಪು ಬಿಡುತ್ತಿದ್ದ ನೀರಿನಲ್ಲೂ ಇದ್ದದ್ದು ಇದೇ ಮೆಗ್ನೀಷಿಯಂ. ಅದು ಹೋದರೆ ಅಡುಗೆಗೆ ಒಳ್ಳೆಯದೇ, ಕಹಿ ಕಡಿಮೆ ಆಗುತ್ತದೆ. ಆದರೆ ಹವಳಕ್ಕೆ ಆ ಕಹಿಯೇ ಬೇಕು.

ಕಾಯಿಸಬಾರದು ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಈ ಮಿಶ್ರಣದಲ್ಲಿ ಬೈಕಾರ್ಬೊನೇಟ್ ಇದೆ, ಅಂದರೆ ನಮ್ಮ ಅಡುಗೆ ಸೋಡಾ. ಅದು 50 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಬೇರೆಯೇ ವಸ್ತು ಆಗುತ್ತಾ ಹೋಗುತ್ತದೆ. ಒಲೆ, ಓವನ್, ಬಾಣಲೆ ಯಾವುದೂ ಬೇಡ. ಇನ್ನೂ ದೊಡ್ಡ ತೊಂದರೆ ಎಂದರೆ, ಒಣಗಿಸಿದರೂ ಆದ ಕೆಲಸ ಹಿಂದಕ್ಕೆ ಬರುವುದಿಲ್ಲ. ತೇವ ಬಿದ್ದಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಪಕ್ಕಪಕ್ಕ ಸಿಕ್ಕಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತವೆ. ಅಂದರೆ ಸುಣ್ಣದ ಕಲ್ಲು. ಸಮುದ್ರದ ನೀರಿನಲ್ಲಿ ಅದು ಮತ್ತೆ ಕರಗುವುದಿಲ್ಲ.

ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ ಅಲ್ವಾ? ಕಾರಣ ಇದೇ. ಜಾಸ್ತಿ ಉಪ್ಪಿಗೆ ಸ್ವಲ್ಪ ನೀರು ಸಿಕ್ಕರೆ ಸುಣ್ಣ ಕಟ್ಟುತ್ತದೆ. ಮಳೆಗಾಲದ ಗಾಳಿ ಚೀಲದೊಳಗೆ ಮಾಡುವುದೂ ಅದೇ ಕೆಲಸ, ಹನಿ ಹನಿಯಾಗಿ, ವಾರಗಟ್ಟಲೆ.

ಮಾರಿದ ಅಂಗಡಿಗೆ ಫೋನ್ ಮಾಡಿದೆ. ಬಾಯಿ ಬಿಚ್ಚಿದ ಚೀಲ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು. ಸರಿ, ನಾಲ್ಕು ತಿಂಗಳು ಬಳಸಿದ್ದೇನೆ, ಅವರದ್ದೂ ನ್ಯಾಯವೇ. ಆದರೆ ನಾಲ್ಕು ಸಾವಿರಕ್ಕಿಂತ ಮೇಲಿನ ಸಾಮಾನು ಕೊಡುವಾಗ ‘ಮಳೆಗಾಲಕ್ಕೆ ಮೊದಲು ಡಬ್ಬಿಗೆ ಹಾಕಿಕೊಳ್ಳಿ’ ಅಂತ ಒಂದು ಮಾತು ಹೇಳಬಹುದಿತ್ತು.

ಇದ್ದದ್ದನ್ನು ತೂಗಿದೆ. ಸಡಿಲ ಉಪ್ಪು 2 ಕೆಜಿ, ಕೈಯಲ್ಲಿ ಒಡೆಯುವ ಗಂಟು ಆರೂವರೆ ಕೆಜಿ, ಕಲ್ಲು 4 ಕೆಜಿ. ಮೂರನ್ನೂ ಬೇರೆ ಬೇರೆ ಮಾಡಿದೆ. ಒಟ್ಟಿಗೆ ಕಲಸಿದ್ದರೆ ಒಳ್ಳೆಯದೂ ಹಾಳಾಗುತ್ತಿತ್ತು.

ಸಡಿಲ ಉಪ್ಪಿನ ನೀರು ಮೊದಲಿನ ಹಾಗೇ ಬಂತು. ಆಲ್ಕಲಿನಿಟಿ 8.2. ಚಿಂತೆ ಇಲ್ಲ.

ಗಂಟಿನ ಉಪ್ಪಿನ ಕಥೆ ಬೇರೆ. ಮೊದಲಿನಂತೆ 456 ಗ್ರಾಂ ತೂಗಿ 12 ಲೀಟರಿಗೆ ಹಾಕಿದೆ. ರಿಫ್ರಾಕ್ಟೋಮೀಟರ್ 1.024ಕ್ಕೇ ನಿಂತಿತು. ತಕ್ಕಡಿ ಸುಳ್ಳು ಹೇಳಿರಲಿಲ್ಲ. ನಾನು ತೂಗಿದ್ದರಲ್ಲಿ ನೀರೂ ಇತ್ತು. 1.026ಕ್ಕೆ ಬರಲು ಇನ್ನೂ 40 ಗ್ರಾಂ ಬೇಕಾಯಿತು. ಹಾಗಾಗಿ ತೇವ ಹಿಡಿದ ಉಪ್ಪನ್ನು ಲೋಟದ ಲೆಕ್ಕದಲ್ಲೋ ತೂಕದ ಲೆಕ್ಕದಲ್ಲೋ ನಂಬಬೇಡಿ. ಸ್ವಲ್ಪ ಸ್ವಲ್ಪ ಹಾಕುತ್ತಾ ಅಳೆಯಿರಿ. ರಿಫ್ರಾಕ್ಟೋಮೀಟರನ್ನು ಬರೀ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿಯ (ಸಾವಿರಕ್ಕೆ 35 ಪಾಲು ಉಪ್ಪಿನ) ಅಳತೆ ದ್ರಾವಣ ಸಿಗುತ್ತದೆ, ಅದರಲ್ಲಿ ಸರಿ ಮಾಡಿಕೊಳ್ಳಿ.

ನೀರು ಎರಡು ದಿನ ಮಜ್ಜಿಗೆ ನೀರಿನ ಹಾಗೇ ಇತ್ತು. ಮೂರನೇ ದಿನ ಬಕೆಟ್ ತಳದಲ್ಲಿ ಬಿಳಿ ಪುಡಿ ಕೂತಿತ್ತು. ಬೆರಳಿಗೆ ಟೈಲರ್ ಚಾಕ್ ಮುಟ್ಟಿದ ಹಾಗೆ. ಅದಕ್ಕೆ ಒಂದು ಹನಿ ವಿನೆಗರ್ ಬಿಟ್ಟೆ, ಸುರ್ ಅಂತ ನೊರೆ ಬಂತು. ಸುಣ್ಣವೇ. ಮೇಲಿನ ತಿಳಿ ನೀರನ್ನು ಪರೀಕ್ಷೆ ಮಾಡಿದರೆ ಆಲ್ಕಲಿನಿಟಿ 8.4 ಇದ್ದದ್ದು 5.6. ಕ್ಯಾಲ್ಸಿಯಂ 420 ಇದ್ದದ್ದು 400. ಈ ಎರಡು ಅಂಕಿ ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ಸುಣ್ಣ ಕಟ್ಟುವಾಗ ಆಲ್ಕಲಿನಿಟಿ 2.8 ಇಳಿದರೆ ಕ್ಯಾಲ್ಸಿಯಂ 20 ಇಳಿಯುತ್ತದೆ. ಅದಕ್ಕೇ ಕ್ಯಾಲ್ಸಿಯಂ ಮಾತ್ರ ನೋಡಿ ಸಮಾಧಾನ ಪಡಬೇಡಿ. 400 ನೋಡಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಪೆಟ್ಟು ಬಿದ್ದಿರುವುದು ಆಲ್ಕಲಿನಿಟಿಗೆ. ಮೆಗ್ನೀಷಿಯಂ 1270 ಇತ್ತು, ಆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಇಷ್ಟು ಗೊತ್ತಾದ ಮೇಲೆ ಗಂಟಿನ ಉಪ್ಪನ್ನು ಎಸೆಯಲು ಮನಸ್ಸು ಬರಲಿಲ್ಲ, ಎಸೆಯುವ ಅಗತ್ಯವೂ ಇರಲಿಲ್ಲ. 12 ಲೀಟರಿಗೆ 2.8 ಡಿಕೆಎಚ್ ಏರಿಸಲು 1 ಗ್ರಾಂ ಅಡುಗೆ ಸೋಡಾ ಸಾಕು. ಬೇಕಿಂಗ್ ಪೌಡರ್ ಅಲ್ಲ, ಬರೀ ಸೋಡಾ. ನನ್ನ ತಕ್ಕಡಿಗೆ 1 ಗ್ರಾಂ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ 10 ಗ್ರಾಂ ಸೋಡಾ ತೂಗಿ 200 ಎಂಎಲ್ ಆರ್.ಓ. ನೀರಿನಲ್ಲಿ ಕರಗಿಸಿಟ್ಟೆ. ಅದರಲ್ಲಿ 20 ಎಂಎಲ್ ಸಿರಿಂಜಿನಲ್ಲಿ ತೆಗೆದು, ಪಂಪ್ ಓಡುವಾಗ ನಿಧಾನವಾಗಿ ಬಿಟ್ಟೆ. ಮರುದಿನ 8.3 ಬಂತು. ನೀರು ತಿಳಿಯಾದ ಮೇಲೆ ಮೇಲಿನದ್ದನ್ನು ಮಾತ್ರ ಬಗ್ಗಿಸಿಕೊಂಡೆ, ತಳದ ಬಿಳಿ ಪುಡಿ ತೊಟ್ಟಿಗೆ ಹೋಗಲು ಬಿಡಲಿಲ್ಲ. ಮೊದಲ ವಾರ ಸಿಗಡಿಯ ಮೇಲೆ ಕಣ್ಣಿಟ್ಟು ಕೂತಿದ್ದೆ. ಅದು ಎಂದಿನ ಹಾಗೆ ಕಲ್ಲಿನ ತುದಿಗೆ ಬಂದು ಮೀಸೆ ಆಡಿಸುತ್ತಾ ನಿಂತಿತು. ಆಮೇಲೆ ಧೈರ್ಯ ಬಂತು. ಈಗ ಅರ್ಧ ಗಂಟಿನ ಉಪ್ಪು, ಅರ್ಧ ಆಮೇಲೆ ತಂದ ಹೊಸ ಉಪ್ಪು ಸೇರಿಸಿ ನೀರು ಮಾಡುತ್ತಿದ್ದೇನೆ. ಪ್ರತಿ ಸಲ ಪರೀಕ್ಷೆ ಮಾಡಿಯೇ ಹಾಕುತ್ತೇನೆ, ಯಾಕಂದ್ರೆ ಒಂದು ಗಂಟಿನ ಹಾಗೆ ಇನ್ನೊಂದು ಇರುವುದಿಲ್ಲ.

ಟೆಸ್ಟ್ ಕಿಟ್ ಇಲ್ಲದೆ ಹವಳ ಇಟ್ಟುಕೊಂಡವರು ಇದಕ್ಕೆ ಕೈ ಹಾಕಬೇಡಿ. ಕಲ್ಲಾದ ಉಪ್ಪನ್ನಂತೂ ಕಿಟ್ ಇದ್ದರೂ ಬಿಡಿ. ಅದರಲ್ಲಿ ಏನು ಎಷ್ಟು ಉಳಿದಿದೆ ಅಂತ ಒಂದೊಂದು ತುಂಡಿಗೂ ಬೇರೆ ಉತ್ತರ ಬರುತ್ತದೆ.

ಈಗ ಉಪ್ಪು ಇಡಲು ತಂದ ಡ್ರಮ್ಮಿನ ವಿಷಯ. ಇದಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ.

ಜುಲೈನಲ್ಲಿ ಒಂದು ದಿನ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದೆ. ಅದೇ ಕಂಪನಿಯ 7 ಕೆಜಿ ಬಕೆಟ್ ಒಂದು ತಗೊಂಡೆ. ಆಮೇಲೆ ಗಾಂಧಿ ಬಜಾರ್ ಕಡೆ ನೀಲಿ ಡ್ರಮ್ ಮಾರುವ ಅಂಗಡಿಗೆ ಹೋಗಿ, ರಬ್ಬರ್ ವಾಷರ್ ಇರುವ, ಸುತ್ತ ಕಬ್ಬಿಣದ ಪಟ್ಟಿ ಹಾಕಿ ಹಿಡಿ ಒತ್ತಿ ಮುಚ್ಚುವ 30 ಲೀಟರಿನ ಡ್ರಮ್ ಕೇಳಿದೆ. ಅವರು ಮೊದಲು ತೋರಿಸಿದ್ದು ಬಳಸಿದ್ದು, ತೊಳೆದು ಇಟ್ಟಿದ್ದು, ಹೊಸದರ ಅರ್ಧ ಬೆಲೆ. ಮುಚ್ಚಳ ತೆಗೆದು ಬಗ್ಗಿ ನೋಡಿದೆ. ವಾಷರ್ ಕೂರುವ ಗೀರಿನಲ್ಲಿ ತೆಳ್ಳಗೆ ಹಸಿರು ನೀಲಿ ಬಣ್ಣ. ಅಡಿಕೆ ತೋಟದ ಮನೆಯಲ್ಲಿ ಬದುಕುವವರಿಗೆ ಆ ಬಣ್ಣ ಹೇಳಿಕೊಡಬೇಕಾಗಿಲ್ಲ. ಮೈಲುತುತ್ತ.

ಇದನ್ನು ದಯವಿಟ್ಟು ಗಮನಿಸಿ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಊರುಗಳಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಕಲಸುತ್ತೇವೆ. ಡ್ರಮ್ಮು, ಬಕೆಟ್ಟು, ಕಲಸುವ ಕೋಲು, ಎಲ್ಲಕ್ಕೂ ತಾಮ್ರ ಅಂಟಿರುತ್ತದೆ. ಮೀನು ಸ್ವಲ್ಪ ತಡೆದೀತು, ಸಿಗಡಿ ಮತ್ತು ಹವಳಕ್ಕೆ ತಾಮ್ರ ಸೀದಾ ವಿಷ. ಕಣ್ಣಿಗೆ ಕಾಣದಷ್ಟು ಸಾಕು. ಮನೆಯಲ್ಲಿ ಖಾಲಿ ಬಿದ್ದಿರುವ ಡ್ರಮ್ ಎಷ್ಟು ತೊಳೆದರೂ ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ. ನಾನು ದುಡ್ಡು ಎರಡು ಪಟ್ಟು ಕೊಟ್ಟು ಹೊಸದೇ ತಂದೆ. ಅಂಗಡಿಯವರು ಬೇಸರ ಮಾಡಿಕೊಳ್ಳದೆ ಅಟ್ಟ ಹತ್ತಿ ಹೊಸದನ್ನು ಇಳಿಸಿ ಕೊಟ್ಟರು. ಮುಚ್ಚಳ ಹಾಕಿ, ಡ್ರಮ್ ಬದಿ ಒತ್ತಿ, ಗಾಳಿ ಹೊರಗೆ ಬರುವುದಿಲ್ಲ ಅಂತ ಕಿವಿ ಇಟ್ಟು ಕೇಳಲು ಹೇಳಿದರು. ಆ ಮನುಷ್ಯರ ಮೇಲೆ ಗೌರವ ಬಂತು.

ಡ್ರಮ್ ಒಂದೇ ಇದ್ದರೆ ಸಾಲದು. ಪ್ರತಿ ವಾರ ಮುಚ್ಚಳ ತೆಗೆದಾಗಲೂ ಮಳೆಗಾಲದ ಗಾಳಿ ಒಂದು ಡ್ರಮ್ ತುಂಬಾ ಒಳಗೆ ಹೋಗುತ್ತದೆ. ಅದಕ್ಕೇ ಪೊಟ್ಟಣ ಕಟ್ಟಿದೆ. ನಮ್ಮ ಮನೆಯಲ್ಲಿ ಜುಲೈ ತಿಂಗಳಲ್ಲಿ ಒಣಗಿದ ಜಾಗ ಅಂದರೆ ನನ್ನ ಇಸ್ತ್ರಿ ಮೂಲೆ. ಬಾಗಿಲು ಹಾಕಿ, ಒಂದು ಗಂಟೆ ಬಟ್ಟೆ ಇಸ್ತ್ರಿ ಮಾಡಿ ಕೋಣೆ ಬೆಚ್ಚಗಾದ ಮೇಲೆ ಬಕೆಟ್ ಬಿಚ್ಚಿದೆ. ಬಿಚ್ಚುವ ಮೊದಲು ಬಕೆಟನ್ನು ನೆಲದ ಮೇಲೆ ಐದಾರು ಸಲ ಉರುಳಿಸಿದೆ, ದಾರಿಯಲ್ಲಿ ಬಸ್ ಕುಲುಕಾಟಕ್ಕೆ ಸಣ್ಣ ಹರಳು ತಳಕ್ಕೆ ಇಳಿದಿರುತ್ತದೆ. 456 ಗ್ರಾಂನಂತೆ 15 ಪೊಟ್ಟಣ ಆಯಿತು. ಒಂದು ಜಿಪ್ ಕವರ್, ಅದರ ಮೇಲೆ ಇನ್ನೊಂದು, ಗಾಳಿ ಒತ್ತಿ ತೆಗೆದು ಮುಚ್ಚಿದೆ. ಎಲ್ಲ ಅರ್ಧ ಗಂಟೆಯೊಳಗೆ. ಗಂಟಿನ ಉಪ್ಪನ್ನೂ ಪುಡಿ ಮಾಡಿ ಹೀಗೇ ಕಟ್ಟಿದೆ, ಅದಕ್ಕೆ ಕೆಂಪು ದಾರ.

ಪೊಟ್ಟಣಗಳ ನಡುವೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟಿದ್ದೇನೆ. ಅಸ್ತರ್ ಬಟ್ಟೆಯಲ್ಲಿ ಅಂಗೈಯಗಲದ ನಾಲ್ಕು ಚೀಲ ಹೊಲಿದೆ, ಎರಡು ಹೊಲಿಗೆ ಹಾಕಿ, ಒಂದು ಹರಳೂ ಹೊರಗೆ ಬೀಳದ ಹಾಗೆ. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ನನಗೆ ಅದು ಬೇಡ. ಬೀರುವಿನಲ್ಲಿ ಇಡುವ, ತಳದಲ್ಲಿ ನೀರು ತುಂಬುವ ಡಬ್ಬಿಯನ್ನು ಇದರೊಳಗೆ ಇಡಬೇಡಿ. ಅದರಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್, ಮಗುಚಿದರೆ ಮತ್ತೆ ಅದೇ ಕಥೆ. ಅಕ್ಕಿಯೂ ಬೇಡ, ಪುಡಿ ಬೀಳುತ್ತದೆ. ಡ್ರಮ್ಮನ್ನು ನೆಲದಿಂದ ಎತ್ತರಿಸಿ ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ ಇಟ್ಟಿದ್ದೇನೆ.

ಇನ್ನೊಂದು ದಾರಿಯೂ ಇದೆ. ಕರೆಂಟ್ ಇರುವ ದಿನವೇ ಎರಡು ವಾರದ ನೀರು ಒಟ್ಟಿಗೆ ಮಾಡಿ ಮುಚ್ಚಿದ ಕ್ಯಾನಿನಲ್ಲಿ ಇಟ್ಟುಕೊಳ್ಳುವುದು. ಕರಗಿದ ಉಪ್ಪಿಗೆ ತೇವದ ಭಯ ಇಲ್ಲ. ಕೆಲವು ಕಂಪನಿಗಳು ಕಲಸಿದ ದಿನವೇ ಬಳಸಿ ಅನ್ನುತ್ತವೆ, ಡಬ್ಬಿ ಮೇಲೆ ಓದಿಕೊಳ್ಳಿ. ಆಶ್ಲೇಷ ಮಳೆಯಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ ನನ್ನ ತೊಟ್ಟಿಗೆ ಈ ಕ್ಯಾನಿನ ನೀರೇ ಆಯಿತು.

ಮುಂದಿನ ಸಲ ಏನು ತರುತ್ತೇನೆ ಅಂತ ಕೇಳಿದರೆ, ಇದೇ ಉಪ್ಪು. ಆದರೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 7 ಕೆಜಿ ಬಕೆಟ್ ಮಾತ್ರ. ಚೀಲ ತರುವುದಾದರೆ ನವೆಂಬರಿನಲ್ಲಿ, ಅಡಿಕೆ ಒಣಗುವ ಬಿಸಿಲಿನಲ್ಲಿ ತಂದು ಅವತ್ತೇ ಪೊಟ್ಟಣ. ಅಂಗಡಿಯಲ್ಲಿ ತಗೊಳ್ಳುವಾಗ ಚೀಲದ ನಾಲ್ಕೂ ಮೂಲೆ ಒತ್ತಿ ನೋಡಿ. ಮೂಲೆ ಗಟ್ಟಿ ಇದ್ದರೆ ಆ ಚೀಲ ಒಂದು ಮಳೆಗಾಲ ಆಗಲೇ ಕಂಡಿದೆ.

ಉಳಿದದ್ದು 4 ಕೆಜಿ ಕಲ್ಲು. ಅದನ್ನು ಅಡಿಕೆ, ಬಾಳೆ, ಕಾಳುಮೆಣಸಿನ ಬುಡಕ್ಕೆ ಹಾಕಿದರೆ ಗಿಡ ಸಾಯುತ್ತದೆ, ಬಾವಿಯ ಹತ್ತಿರ ಚೆಲ್ಲುವಂತೆಯೂ ಇಲ್ಲ. ತೆಂಗು ಮಾತ್ರ ಉಪ್ಪು ತಡೆಯುವ ಮರ, ಬುಡಕ್ಕೆ ಉಪ್ಪು ಹಾಕುವುದು ನಮ್ಮ ಕಡೆ ಹಳೆಯ ರೂಢಿ. ಮಳೆ ಸ್ವಲ್ಪ ಹೊಳವಾದ ದಿನ ಅತ್ತೆ ಮತ್ತು ನಾನು ಕಲ್ಲನ್ನು ಕೊಡಲಿಯ ಹಿಂಬದಿಯಲ್ಲಿ ಒಡೆದು ನಾಲ್ಕು ಮರಕ್ಕೆ ಕೊಟ್ಟೆವು. ಬುಡದಿಂದ ಒಂದು ಮಾರು ದೂರದಲ್ಲಿ ಸುತ್ತ ಗೆರೆ ಎಳೆದು, ಮರಕ್ಕೆ ಒಂದು ಕೆಜಿಯಂತೆ.